15ನೇ ಸ್ಥಾನದ ಕೆಂಪು ಜೆರ್ಸಿ

ಇಂಗ್ಲೆಂಡಿನ ಫುಟ್‌ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಅಡಿಡಾಸ್ ತಯಾರಿಸುವ ಕೆಂಪು ಜೆರ್ಸಿ ಎರಡು ಬಗೆಗಳಲ್ಲಿ ದೊರೆಯುತ್ತದೆ: ಆಟಗಾರರು ತೊಡುವಂಥ ಮೈಗಂಟುವ ಅಂಗಿ ಒಂದು, ಅಭಿಮಾನಿಗಳಿಗೆಂದು ತುಸು ಸಡಿಲವಾಗಿ ಹೊಲಿದದ್ದು ಇನ್ನೊಂದು. ನಾನು ಕೊಂಡದ್ದು ಎರಡನೆಯದನ್ನು. ಹೊಟ್ಟೆ ಬಂದವರಿಗೆ ಅದೇ ಕ್ಷೇಮ. ಬಟ್ಟೆ ಹಗುರವಾಗಿದೆ, ಹಲವು ಬಾರಿ ಒಗೆದರೂ ಭುಜದ ಮೂರು ಪಟ್ಟಿಗಳು ಮಾಸಿಲ್ಲ. ಅಂಗಡಿಯವರು ಬೆನ್ನಿಗೆ ಒತ್ತಿಕೊಟ್ಟ 7ರ ಅಂಕಿ ಮಾತ್ರ ಅಂಚಿನಲ್ಲಿ ಏಳತೊಡಗಿದೆ.

ಅಡಿಡಾಸ್ ಜತೆ 2023ರಲ್ಲಿ 10 ವರ್ಷಗಳಿಗೆ ಕನಿಷ್ಠ 90 ಕೋಟಿ ಪೌಂಡ್‌ಗಳಿಗೆ ವಿಸ್ತರಿಸಲಾದ ಪ್ರಾಯೋಜಕತ್ವದ ಒಪ್ಪಂದದಲ್ಲಿ, ಯುರೋಪಿನ ಅಗ್ರ ತಂಡಗಳ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್ ತಪ್ಪಿದ ಪ್ರತಿ ಋತುವಿಗೂ 1 ಕೋಟಿ ಪೌಂಡ್ ಕಡಿತದ ಷರತ್ತಿದೆ. 2024-25ರಲ್ಲಿ ತಂಡವು ಇಂಗ್ಲೆಂಡಿನ 20 ತಂಡಗಳ ಪ್ರೀಮಿಯರ್ ಲೀಗ್‌ನಲ್ಲಿ 15ನೇ ಸ್ಥಾನಕ್ಕೆ ಕುಸಿದು, ಗೆದ್ದಿದ್ದರೆ ಚಾಂಪಿಯನ್ಸ್ ಲೀಗ್‌ಗೆ ದಾರಿ ತೆರೆಯುತ್ತಿದ್ದ ಯುರೋಪಾ ಲೀಗ್ ಫೈನಲ್‌ನಲ್ಲಿ ಟಾಟನ್‌ಹ್ಯಾಮ್‌ಗೆ 0-1ರಿಂದ ಸೋತು, ಆ ಕತ್ತರಿಗೆ ತಾನೇ ಕೊರಳೊಡ್ಡಿತು. ನಮಗಂತೂ ಅಂಥ ರಿಯಾಯಿತಿಯ ಷರತ್ತಿಲ್ಲ! ಕೊಳ್ಳುವವರು ಅಂಕಿಯಿಲ್ಲದ ಅಂಗಿಯನ್ನೇ ಆರಿಸುವುದು ಮೇಲು.