ಫೈಂಡ್ ಹಬ್ ರಿವ್ಯೂ: ಮ್ಯಾಪ್‌ಗಿಂತ ಲಾಕ್ ಸ್ಕ್ರೀನ್ ಮೆಸೇಜ್ ಭಾಳ ಕೆಲಸಕ್ಕ ಬಂತ್ರಿ

ಕಳದ ಫೋನ್ ಹುಡುಕೋ ಈ ಫೈಂಡ್ ಹಬ್ ಆ್ಯಪ್ ಆಂಡ್ರಾಯ್ಡ್ ಫೋನ್ ಇದ್ದೋರಿಗೆ ಪುಕ್ಕಟೆ ಸಿಗ್ತೈತಿ, ಆದ್ರ ಮಂದಿ ಫೋನ್ ಕಳ್ಕೊಂಡ ಮ್ಯಾಲೆ ಇದನ್ನ ಹುಡುಕ್ತಾರ. ಮೊದ್ಲ ಫೈಂಡ್ ಮೈ ಡಿವೈಸ್ ಅಂತಿತ್ತು, 2025ರಾಗ ಗೂಗಲ್‌ನವ್ರು ಫೈಂಡ್ ಹಬ್ ಅಂತ ಹೆಸರು ಬದ್ಲಿ ಮಾಡ್ಯಾರ. ನನ್ನ ಕಡೆಯಿಂದ ಐದಕ್ಕ ನಾಲ್ಕು ಸ್ಟಾರ್, ಯಾಕ ಅಂತ ಹೇಳ್ತೀನಿ.

ಗಣಪತಿ ಹಬ್ಬದ ಹಿಂದಿನ ದಿನ ಹುಬ್ಬಳ್ಳಿ ದುರ್ಗದ ಬೈಲಿನಾಗ ಹೂವು ಹಣ್ಣು ತಗೊಳ್ಳೋ ಗದ್ದಲದಾಗ ನಮ್ಮ ಚಿಗವ್ವನ ಫೋನ್ ಚೀಲದಾಗಿಂದ ಎಲ್ಲೋ ಬಿತ್ತು. ನನ್ನ ಫೋನ್‌ನಾಗ ಆ್ಯಪ್ ತೆಗದು, ಗೆಸ್ಟ್ ಅಂತ ಆಕಿ ಜೀಮೇಲ್ ಹಾಕಿ ಒಳಗ ಹೋದೆ. ಮ್ಯಾಪಿನಾಗ ಬೈಲಿನ ಮ್ಯಾಲೆ ಒಂದು ರೌಂಡ್ ಬಂತು, ಆದ್ರ ಆ ರೌಂಡಿನೊಳಗ ಎಷ್ಟ್ ಅಂಗಡಿ ಎಷ್ಟ್ ಗಾಡಿ ಅಂತ ಹುಬ್ಬಳ್ಳಿಯವ್ರಿಗೆ ಬ್ಯಾರೆ ಹೇಳೋದು ಬ್ಯಾಡ. ರಿಂಗ್ ಒತ್ತಿದ್ರ ಸೈಲೆಂಟ್‌ನಾಗ ಇದ್ರೂ ಐದು ನಿಮಿಷ ಫುಲ್ ಸೌಂಡ್‌ನಾಗ ಬಡ್ಕೋತೈತಿ, ಮನ್ಯಾಗ ಗಾದಿ ಸಂದ್ಯಾಗ ಸಿಕ್ಕೊಂಡಿದ್ರ ಇದಕ್ಕಿಂತ ಚಲೋದು ಇಲ್ಲ, ಹಬ್ಬದ ಸಂತ್ಯಾಗ ಯಾರಿಗೆ ಕೇಳ್ಬೇಕು ಹೇಳ್ರಿ.

ಆಮ್ಯಾಲೆ ಲಾಕ್ ಮಾಡೋ ಆಪ್ಷನ್ ಒತ್ತಿದೆ. ಅಲ್ಲಿ ಸ್ಕ್ರೀನ್ ಮ್ಯಾಲೆ ಕಾಣೂಹಂಗ ಒಂದು ಮೆಸೇಜ್, ಒಂದು ಫೋನ್ ನಂಬರ್ ಹಾಕಬಹುದು. ಕನ್ನಡದಾಗ ಬರದೆ, "ಇದು ನಮ್ಮ ಚಿಗವ್ವನ ಫೋನ್ ರಿ, ಸಿಕ್ಕವ್ರು ದಯವಿಟ್ಟು ಈ ನಂಬರಿಗೆ ಹಚ್ರಿ". ಸ್ವಲ್ಪ ಹೊತ್ತಿಗೆ ಬಾಳಿಕಂಬ ಮಾರೋ ಕಾಕಾ ಒಬ್ರು ಹಚ್ಚಿದ್ರು. "ಯವ್ವಾ, ನನ್ನ ಗಾಡಿ ಚಕ್ರದ ಹತ್ರ ಬಿದ್ದಿತ್ತು, ಎತ್ತಿ ನೋಡಿದ್ರ ನಿನ್ನ ನಂಬರ್ ಕಂಡ್ತು, ನಾ ಇಲ್ಲೇ ಅದೀನಿ ಬಾ" ಅಂದ್ರು. ಲಾಕ್ ಆಗಿರೋ ಫೋನ್ ಒಳ್ಳೆ ಮನಷ್ಯಾನ ಕೈಗೆ ಸಿಕ್ರೂ ಅವ್ರು ಯಾರಿಗೆ ಕೊಡಬೇಕು? ಅದಕ್ಕ ನನ್ನ ಪ್ರಕಾರ ಇಡೀ ಆ್ಯಪಿನಾಗ ಇದೇ ಎಲ್ಲಕ್ಕಿಂತ ಚಲೋ ಫೀಚರ್, ಮಂದಿ ಬರೇ ಮ್ಯಾಪ್ ನೋಡ್ಕೋತ ಕುಂದರ್ತಾರ.

ಒಂದು ಸ್ಟಾರ್ ಯಾಕ ಕಡಿಮಿ ಅಂದ್ರ, ಇದೆಲ್ಲಾ ನಡೀಬೇಕಂದ್ರ ಫೋನ್ ಆನ್ ಇರಬೇಕು, ಗೂಗಲ್ ಅಕೌಂಟ್ ಲಾಗಿನ್ ಇರಬೇಕು, ಲೊಕೇಶನ್ ಆನ್ ಇರಬೇಕು, ನೆಟ್ ಇರಬೇಕು. ನೆಟ್ ಇಲ್ದಾಗ ಆಜೂಬಾಜೂ ಇರೋ ಬ್ಯಾರೆ ಆಂಡ್ರಾಯ್ಡ್ ಫೋನ್‌ಗಳು ಬ್ಲೂಟೂತ್‌ನಾಗ ಹಿಡದು ಜಾಗ ಹೇಳೋ ವ್ಯವಸ್ಥಾನೂ ಈಗ ಐತಿ, ಆಂಡ್ರಾಯ್ಡ್ 9ರಿಂದ ಮ್ಯಾಲಿನದಕ್ಕ. ಆದ್ರ ಅದು ಮೊದ್ಲಿಂದ ಮಂದಿ ಭಾಳ ಇರೋ ಜಾಗಕ್ಕಷ್ಟ ಸೆಟ್ ಆಗಿರ್ತೈತಿ. ಚಿಗರಿ ಬಸ್ಸಿನಾಗ, ಹೊಸೂರ ಬಸ್‌ಸ್ಟ್ಯಾಂಡಿನಾಗ ಆದ್ರ ಸಾಕು, ನವಲಗುಂದ ಕಡೆ ಹೊಲದ ದಾರ್ಯಾಗ ಬಿದ್ರ ಬಾಜೂ ಹಾಯ್ದು ಹೋಗೋ ಫೋನ್ ಒಂದೋ ಎರಡೋ. ಹಳ್ಳಿ ಓಡಾಟ ಇದ್ದೋರು ಸೆಟ್ಟಿಂಗ್ಸ್‌ನಾಗ ಅದನ್ನ ಎಲ್ಲಾ ಜಾಗಕ್ಕೂ ಅಂತ ಬದ್ಲಿ ಮಾಡ್ಕೊಳ್ರಿ. ಬ್ಯಾಟರಿ ಸತ್ತ್ರ ಹೆಚ್ಚಿನ ಫೋನ್‌ಗಳಾಗ ಕಡೀಗೆ ಎಲ್ಲಿತ್ತು ಅನ್ನೋದಷ್ಟ ತೋರಸ್ತೈತಿ.

ಇನ್ನೊಂದು ತೊಂದರೆ ಐತಿ. ಟೂ ಸ್ಟೆಪ್ (ಪಾಸ್‌ವರ್ಡ್ ಜೋಡಿ ಓಟಿಪಿನೂ ಕೇಳೋದು) ಹಾಕಿದವ್ರು ಬ್ಯಾರೆ ಫೋನಿಂದ ಲಾಗಿನ್ ಆಗಾಕ ಹೋದ್ರ ಓಟಿಪಿ ಆ ಕಳದ ಫೋನಿಗೇ ಹೋಗ್ತೈತಿ! ಗೂಗಲ್ ಅಕೌಂಟಿನಾಗ ಓಟಿಪಿ ಬದ್ಲಿ ಹಾಕೋ ಹತ್ತು ಬ್ಯಾಕಪ್ ಕೋಡ್ ಕೊಡ್ತಾರ, ಅವನ್ನ ಚೀಟಿ ಮ್ಯಾಲೆ ಬರದು ಮನ್ಯಾಗ ಇಟ್ಟುಬಿಡ್ರಿ. ರಿಮೋಟ್ ಲಾಕ್ ಅಂತಾನೂ ಐತಿ, ಮೊದ್ಲ ಆನ್ ಮಾಡಿಟ್ಟಿದ್ರ ಪಾಸ್‌ವರ್ಡ್ ನೆನಪಿಲ್ದಿದ್ರೂ ಬರೇ ಮೊಬೈಲ್ ನಂಬರ್ ಹಾಕಿ ಸ್ಕ್ರೀನ್ ಲಾಕ್ ಮಾಡಬಹುದು. ಐಫೋನ್‌ನವ್ರಿಗೆ ಫೈಂಡ್ ಮೈ ಆ್ಯಪಿನೊಳಗ ಇದೇ ಥರ ಲಾಕ್ ಮಾಡಿ ಮೆಸೇಜ್ ಹಾಕೋ ಲಾಸ್ಟ್ ಮೋಡ್ ಐತಿ, ಒಂದ ಮಾತು, ಕಳವಾದ ಫೋನನ್ನ ಅಕೌಂಟಿನಿಂದ ತೆಗೀಬ್ಯಾಡ್ರಿ, ತೆಗದ್ರ ಕಳ್ಳನಿಗೆ ಹಾದಿ ಮಾಡಿಕೊಟ್ಟಂಗ.

ಕಳವ ಆಗೈತಿ ಅಂತ ಗೊತ್ತಾದ್ರ ಬ್ಯಾರೆ ಲೆಕ್ಕ. ಮೊದ್ಲ ಫೋನ್ ಲಾಕ್ ಮಾಡ್ರಿ, ಆಮ್ಯಾಲೆ ತಡ ಮಾಡ್ದ ಸಿಮ್ ಬಂದ್ ಮಾಡಿಸ್ರಿ, ಯಾಕಂದ್ರ ಸಿಮ್ ತೆಗದು ಬ್ಯಾರೆ ಫೋನಿಗೆ ಹಾಕಿದ್ರ ನಿಮ್ಮ ಬ್ಯಾಂಕ್ ಓಟಿಪಿ ಅಲ್ಲಿಗೇ ಹೋಗ್ತಾವು. ಸಿಮ್ ಬಂದ್ ಆದ್ರ ಟ್ರ್ಯಾಕಿಂಗ್ ತಪ್ಪೀತು ಅಂತ ಕೆಲವರು ಕಾಯ್ತಾರ, ನಾ ಅಂತೂ ಕಾಯಬ್ಯಾಡ್ರಿ ಅಂತೀನಿ. ದುಡ್ಡು ಹೋಗಿದ್ರ ಸೈಬರ್ ಕ್ರೈಮ್ ಸಹಾಯವಾಣಿ 1930ಕ್ಕ ಹಚ್ರಿ. ಮ್ಯಾಪಿನಾಗ ಯಾರದೋ ಮನಿ ತೋರಿಸ್ತು ಅಂತ ಒಬ್ರೇ ಹೋಗಿ ಬಾಗಿಲಾ ಬಡೀಬ್ಯಾಡ್ರಿ, ಬಾಜೂ ಮನಿನೂ ಆಗಿರಬಹುದು, ಪೊಲೀಸರ್ನ ಕರ್ಕೊಂಡು ಹೋಗ್ರಿ. ಫೋನ್ ಪೂರ್ತಿ ಅಳಸೋ ಬಟನ್ ಕಡೀಗೆ ಒತ್ರಿ, ಅಳಿಸಿದ ಮ್ಯಾಲೆ ಟ್ರ್ಯಾಕ್ ಆಗೂದಿಲ್ಲ.

ಇದರ ಜೋಡಿ ಕಳದ ಫೋನ್ ಬ್ಲಾಕ್ ಮಾಡಿಸೋ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್ಲೂ ಐತಿ, 2023ರಾಗ ಶುರು ಆಗಿದ್ದು. ಪೊಲೀಸ್ ಕಂಪ್ಲೇಂಟ್ ಕಾಪಿ, ಫೋನಿನ ಬಿಲ್, ಐಎಂಇಐ ನಂಬರ್ ಬೇಕು, ಓಟಿಪಿಗೆ ಅದೇ ನಂಬರಿನ ಡುಪ್ಲಿಕೇಟ್ ಸಿಮ್ ತಗೊಂಡಿರಬೇಕು. ಐಎಂಇಐ ಅಂದ್ರ ಫೋನಿನ ಗುರುತಿನ ನಂಬರ್, 15 ಅಂಕಿ, ಎರಡು ಸಿಮ್ ಫೋನಿಗೆ ಎರಡು ಇರ್ತಾವು, *#06# ಒತ್ತಿದ್ರ ಬರ್ತಾವು, ಡಬ್ಬಿ ಮ್ಯಾಲೂ ಇರ್ತಾವು, ಹಂಗಾಗಿ ಡಬ್ಬಿ ರದ್ದಿಗೆ ಹಾಕಬ್ಯಾಡ್ರಿ. ಅಲ್ಲಿ ಬ್ಲಾಕ್ ಆದ್ರ ದೇಶದಾಗ ಯಾವ ಕಂಪನಿ ಸಿಮ್ ಹಾಕಿದ್ರೂ ಫೋನ್ ನಡಿಯೂದಿಲ್ಲ, ಸಿಮ್ ಹಾಕಾಕ ನೋಡಿದ್ರ ಪೊಲೀಸರಿಗೆ ಸುದ್ದಿ ಹೋಗ್ತೈತಿ. ಮತ್ತ ಫೋನ್ ವಾಪಸ್ ಸಿಕ್ಕ್ರ ಅದೇ ಪೋರ್ಟಲ್‌ನಾಗ ಅನ್‌ಬ್ಲಾಕ್ ಮಾಡ್ಕೋಬೇಕು, ಇಲ್ಲಂದ್ರ ನಿಮ್ಮ ಕೈಯಾಗ ಇದ್ರೂ ಅದಕ್ಕ ನೆಟ್‌ವರ್ಕ್ ಬರೂದಿಲ್ಲ.