ಸಿನಿಮಾಗೆ ಸ್ಟಾರ್ ಕೊಟ್ಟರೆ ದುಡ್ಡು ಅಂತ ಮೆಸೇಜ್ ಬಂದರೆ ದಯವಿಟ್ಟು ಉತ್ತರಿಸಬೇಡಿ

ನಾನು ಶಿವಮೊಗ್ಗದವಳು. ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತೇನೆ. ಹೋದ ಬೇಸಿಗೆಯಲ್ಲಿ ನಾಲ್ಕೇ ದಿನದಲ್ಲಿ 64,500 ರೂಪಾಯಿ ಕಳೆದುಕೊಂಡೆ. ಚೀಟಿ ಎತ್ತಿದ ದುಡ್ಡು ಅದು. ಮಳೆ ಹಿಡಿಯುವ ಮೊದಲು ಅಡುಗೆಮನೆ ಮೇಲಿನ ಹಳೇ ಶೀಟು ತೆಗೆಸಿ ಹೊಸದು ಹಾಕಿಸೋಣ ಅಂತ ಇಟ್ಟುಕೊಂಡಿದ್ದೆ. ಸಿನಿಮಾಗಳಿಗೆ ಸ್ಟಾರ್ ಕೊಡುವ ಕೆಲಸ ಅಂತ ನಂಬಿ ಅಷ್ಟನ್ನೂ ಹಾಕಿಬಿಟ್ಟೆ. ನನ್ನ ಹಾಗೆ ಸಿನಿಮಾ ನೋಡಿ ನಾಲ್ಕು ಮಾತು ಬರೆಯುವವರು ತುಂಬಾ ಜನ ಇದ್ದೀರಿ. ಇದು ನಿಮಗೆ.

ನಮ್ಮ ಮನೆಯವರು, ಕಾಲೇಜು ಗೆಳತಿಯರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಭಾನುವಾರ ಸಂಜೆ ಆ ವಾರ ನೋಡಿದ್ದರ ಬಗ್ಗೆ ಎಲ್ಲರೂ ಬರೆಯಬೇಕು. ಚಿಕ್ಕಮ್ಮನಿಗೆ ಮಲಯಾಳಂ ಪತ್ತೇದಾರಿ ಸಿನಿಮಾ ಆದರೆ ಸಾಕು. ತಮ್ಮನಿಗೆ ಕೊರಿಯನ್ ಸೀರೀಸ್ ಹುಚ್ಚು. 2023ರ ಸೆಪ್ಟೆಂಬರ್‌ನಲ್ಲಿ 'ಸಪ್ತ ಸಾಗರದಾಚೆ ಎಲ್ಲೋ' ಮೊದಲ ಭಾಗ, ನವೆಂಬರ್‌ನಲ್ಲಿ ಎರಡನೇ ಭಾಗ ಬಂತಲ್ಲ, ಆಗ ಎರಡನೇ ಭಾಗ ಬೇಕಿತ್ತಾ ಬೇಡವಾ ಅಂತ ನಮ್ಮಲ್ಲಿ ಎರಡು ವಾರ ವಾದ ನಡೆದಿತ್ತು. ಗುಂಪಿಗೆ ಇರುವುದು ಒಂದೇ ನಿಯಮ. ನೋಡದ ಸಿನಿಮಾ ಬಗ್ಗೆ ಮಾತಾಡಬಾರದು.

ಇದಲ್ಲದೆ ಇನ್ನೊಂದು ದೊಡ್ಡ ಗುಂಪಿನಲ್ಲೂ ನಾನಿದ್ದೆ. ಲಿಂಕ್ ಸಿಕ್ಕವರೆಲ್ಲ ಸೇರಬಹುದಾದ ಗುಂಪು. ಅಲ್ಲಿ ಒಂದು ಸಿನಿಮಾ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆದಿದ್ದೆ. ಎರಡು ದಿನ ಬಿಟ್ಟು ಗೊತ್ತಿಲ್ಲದ ನಂಬರಿನಿಂದ ಮೆಸೇಜ್ ಬಂತು. 'ಮೇಡಂ, ನಿಮ್ಮ ವಿಮರ್ಶೆ ಚೆನ್ನಾಗಿದೆ. ನಾವು ಸಿನಿಮಾ ಪ್ರಚಾರದ ಕಂಪನಿಯವರು. ಮನೆಯಲ್ಲೇ ಕೂತು ಸಿನಿಮಾಗಳಿಗೆ ರೇಟಿಂಗ್ ಕೊಡಿ, ದಿನಕ್ಕೆ ಸಾವಿರದಿಂದ ಮೂರು ಸಾವಿರ ಸಿಗುತ್ತದೆ.'

ನಾನು ಯಾಕೆ ನಂಬಿದೆ ಅಂತ ಹೇಳಲೇಬೇಕು. ದುಡ್ಡು ಕೊಟ್ಟು ವಿಮರ್ಶೆ ಬರೆಸುತ್ತಾರೆ ಅನ್ನುವ ಮಾತು ನಾವೆಲ್ಲ ಕೇಳಿದ್ದೇವೆ. 2023ರಲ್ಲಿ ಕೇರಳ ಹೈಕೋರ್ಟಿನ ಮುಂದೆ ಇದೇ ವಿಷಯ ಬಂದಿದ್ದನ್ನು ಪೇಪರಿನಲ್ಲಿ ಓದಿದ್ದೆ. ಟಿಕೆಟ್ ಆ್ಯಪ್‌ಗಳಲ್ಲಿ ರೇಟಿಂಗ್ ಕಾಣದ ಹಾಗೆ ಮಾಡಿಸಲು ನಮ್ಮ ಕನ್ನಡ ನಿರ್ಮಾಪಕರೇ ಕೋರ್ಟಿಗೆ ಹೋಗಿದ್ದೂ ಗೊತ್ತಿತ್ತು. ರೇಟಿಂಗ್‌ಗೆ ಇಷ್ಟು ಬೆಲೆ ಇದ್ದರೆ ಅದಕ್ಕೆ ಸಂಬಳ ಕೊಡುವವರೂ ಇರಬಹುದು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ನನ್ನ ಬರಹ ಚೆನ್ನಾಗಿದೆ ಅಂತ ಹೊರಗಿನವರೊಬ್ಬರು ಹೇಳಿದ್ದು ಅದೇ ಮೊದಲು.

ಮೊದಲ ದಿನ ಮೂರು ಸಿನಿಮಾಗಳ ಲಿಂಕ್ ಕಳಿಸಿದರು. ಮೂರನ್ನೂ ನಾನು ನೋಡಿರಲಿಲ್ಲ. ಹಾಗಂತ ಹೇಳಿದೆ. 'ನೋಡುವ ಅಗತ್ಯ ಇಲ್ಲ ಮೇಡಂ. ಐದು ಸ್ಟಾರ್ ಒತ್ತಿ, ಸ್ಕ್ರೀನ್‌ಶಾಟ್ ಕಳಿಸಿ' ಅಂದರು. ಕೈ ಒಂದು ಕ್ಷಣ ತಡೆಯಿತು. ಆದರೂ ಒತ್ತಿದೆ. ಹತ್ತು ನಿಮಿಷದಲ್ಲಿ ಯುಪಿಐನಲ್ಲಿ 150 ರೂಪಾಯಿ ಬಂತು. ಹೋದ ದುಡ್ಡಿಗಿಂತ ಆ ಐದು ಸ್ಟಾರ್ ಒತ್ತಿದ್ದೇ ನನಗೆ ಇವತ್ತಿಗೂ ಜಾಸ್ತಿ ಚುಚ್ಚುತ್ತದೆ. ಅಲ್ಲೇ ನಿಲ್ಲಿಸಬೇಕಿತ್ತು.

ಆಮೇಲೆ ಟೆಲಿಗ್ರಾಮ್‌ಗೆ ಬನ್ನಿ ಅಂದರು. ಅಲ್ಲೊಂದು ಗುಂಪು, ಇನ್ನೂರಕ್ಕೂ ಜಾಸ್ತಿ ಜನ. ಗಂಟೆಗೊಮ್ಮೆ ಯಾರಾದರೊಬ್ಬರು 'ನನಗೆ 6,500 ಬಂತು', 'ನನಗೆ 14,000 ಬಂತು' ಅಂತ ಬ್ಯಾಂಕ್ ಮೆಸೇಜಿನ ಫೋಟೋ ಹಾಕುತ್ತಿದ್ದರು. ಅವರಲ್ಲಿ ಹೆಚ್ಚಿನವರು ಮೋಸಗಾರರ ಕಡೆಯವರೇ ಇರುತ್ತಾರೆ ಅಂತ ಆಮೇಲೆ ಠಾಣೆಯಲ್ಲಿ ಹೇಳಿದರು. ಎರಡನೇ ದಿನ 'ಪ್ರಿಪೇಯ್ಡ್ ಟಾಸ್ಕ್' ಅಂತ ಬಂತು. ಸಾವಿರ ಹಾಕಿದೆ, 1,300 ವಾಪಸ್ ಬಂತು. ಮೂರು ಸಾವಿರ ಹಾಕಿದೆ, 3,900 ಬಂತು. ಎರಡೂ ಸಲ ದುಡ್ಡು ನಿಜವಾಗಿ ನನ್ನ ಖಾತೆಗೆ ಬಿತ್ತು. ಆಮೇಲೆ ಅನುಮಾನ ಎಲ್ಲಿಂದ ಬರಬೇಕು?

ಮೂರನೇ ದಿನ ಒಂದು ವೆಬ್‌ಸೈಟಿನಲ್ಲಿ ಖಾತೆ ತೆರೆಸಿದರು. ಸಿನಿಮಾ ಪೋಸ್ಟರ್‌ಗಳು, ಪಕ್ಕದಲ್ಲಿ ನನ್ನ ಹೆಸರು, ಕೆಳಗೆ 'ವ್ಯಾಲೆಟ್'. 30 ಸಿನಿಮಾಗಳಿಗೆ ರೇಟಿಂಗ್ ಕೊಟ್ಟರೆ ಒಂದು ಸುತ್ತು. ಶುರು ಮಾಡಲು 10,000 ಹಾಕಬೇಕು. ಹಾಕಿದೆ. ಒಂದೊಂದು ಸ್ಟಾರ್ ಒತ್ತಿದಾಗಲೂ ಪರದೆ ಮೇಲಿನ ಮೊತ್ತ ಏರುತ್ತಿತ್ತು. 22ನೇ ಸಿನಿಮಾಗೆ ಬಂದಾಗ 'ಕಾಂಬೋ ಟಾಸ್ಕ್' ಅಂತ ತೋರಿಸಿತು. ಎರಡು ಸಿನಿಮಾ ಒಟ್ಟಿಗೆ, ಕಮಿಷನ್ ಐದು ಪಟ್ಟು. ಅದರ ಜೊತೆಗೇ ನನ್ನ ವ್ಯಾಲೆಟ್ ಮೈನಸ್‌ಗೆ ಹೋಯಿತು. 18,500 ತುಂಬಿದರೆ ಮಾತ್ರ ಮುಂದಕ್ಕೆ ಹೋಗಬಹುದು, ಇಲ್ಲದಿದ್ದರೆ ಹಾಕಿದ್ದೂ ಸಿಗುವುದಿಲ್ಲ. ತುಂಬಿದೆ. 27ಕ್ಕೆ ಇನ್ನೊಂದು ಕಾಂಬೋ. ಈ ಸಲ 36,000.

ಇಲ್ಲಿ ಅವರು ಮಾಡುವ ಕೆಲಸವನ್ನು ಸರಿಯಾಗಿ ಗಮನಿಸಿ. ನನ್ನನ್ನು ಐದು ಜನರ ಒಂದು ಸಣ್ಣ ತಂಡಕ್ಕೆ ಸೇರಿಸಿದ್ದರು. ನಾನು ಮುಗಿಸದಿದ್ದರೆ ಉಳಿದ ನಾಲ್ವರ ಹಣವೂ ಸಿಕ್ಕಿಹಾಕಿಕೊಳ್ಳುತ್ತದೆ ಅಂದರು. ಅವರಲ್ಲೊಬ್ಬಳು 'ಅಕ್ಕಾ ಪ್ಲೀಸ್, ನಾನು ಮಗುವಿನ ಫೀಸ್ ದುಡ್ಡು ಹಾಕಿದ್ದೇನೆ' ಅಂತ ಅಳುವ ಧ್ವನಿಯಲ್ಲಿ ವಾಯ್ಸ್ ಮೆಸೇಜ್ ಕಳಿಸಿದಳು. ನಾನು ಕೊನೆಯ 36,000 ಹಾಕಿದ್ದು ಅವಳ ಮುಖ ನೋಡಿ ಅನ್ನಿ. ಆಸೆಗೆ ಬಿದ್ದು ಹಾಕಿದ್ದು ಅಂತ ನೋಡಿದವರಿಗೆ ಅನ್ನಿಸುತ್ತದೆ. ಆ ಹೊತ್ತಿಗೆ ಆಸೆ ಎಲ್ಲ ಮುಗಿದಿತ್ತು. ಭಯ ಇತ್ತು, ನನ್ನಿಂದ ಇನ್ನೊಬ್ಬರಿಗೆ ತೊಂದರೆ ಆಗಬಾರದು ಅನ್ನುವ ಸಂಕಟ ಇತ್ತು.

ನಾಲ್ಕನೇ ದಿನ ಬೆಳಿಗ್ಗೆ ಪರದೆ ಮೇಲೆ 1,12,000 ತೋರಿಸುತ್ತಿತ್ತು. ತೆಗೆಯಲು ಹೋದರೆ 'ತೆರಿಗೆ' ಅಂತ 21,000 ಮೊದಲು ಕಟ್ಟಿ ಅಂದರು. ಬಂಗಾರ ಅಡ ಇಡೋಣವಾ ಅಂತ ಯೋಚಿಸುತ್ತಿದ್ದೆ. ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿ ಸಾಲ ಕೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಬೈಯಲಿಲ್ಲ. 'ಅಕ್ಕ, ಇನ್ನೊಂದು ರೂಪಾಯಿ ಹಾಕಬೇಡ. ಫೋನ್ ಇಡು, ಈಗಲೇ 1930ಕ್ಕೆ ಮಾಡು' ಅಂದ. ತೆರಿಗೆ ಇದ್ದರೆ ಬರುವ ದುಡ್ಡಿನಲ್ಲೇ ಹಿಡಿದುಕೊಳ್ಳುತ್ತಾರೆ, ನಿನ್ನಿಂದ ಯಾಕೆ ಬೇರೆ ಕೇಳುತ್ತಾರೆ ಅಂತ ಅವನು ಕೇಳಿದ ಮೇಲೆ ನನಗೆ ಕಣ್ಣು ತೆರೆಯಿತು.

1930 ಸೈಬರ್ ವಂಚನೆಗೆ ಇರುವ ಸಹಾಯವಾಣಿ. ಯಾವ ಬ್ಯಾಂಕು, ಎಷ್ಟು, ಯಾವಾಗ, ಪ್ರತಿ ಪಾವತಿಯ ಯುಟಿಆರ್ ನಂಬರ್, ಅಂದರೆ ಆ ಪಾವತಿಯ ಗುರುತಿನ ಸಂಖ್ಯೆ ಏನು ಅಂತ ಕೇಳುತ್ತಾರೆ. ಯುಪಿಐ ಆದರೆ ಅದು 12 ಅಂಕಿಯ ನಂಬರ್, ಆ್ಯಪಿನ ಹಿಸ್ಟರಿಯಲ್ಲಿ ಇರುತ್ತದೆ. ಬರೆದಿಟ್ಟುಕೊಂಡು ಫೋನ್ ಮಾಡಿದರೆ ಸಮಯ ಉಳಿಯುತ್ತದೆ. ಸಮಯ ಯಾಕೆ ಮುಖ್ಯ ಅಂದರೆ, ನಮ್ಮ ಹಣ ಒಂದು ಖಾತೆಗೆ ಬಿದ್ದ ಕೆಲವೇ ನಿಮಿಷದಲ್ಲಿ ಎರಡನೆಯದಕ್ಕೆ, ಮೂರನೆಯದಕ್ಕೆ ಹೋಗುತ್ತದೆ. ದೂರು ಬೇಗ ಹೋದರೆ ಬ್ಯಾಂಕಿನವರು ಅದನ್ನು ಮಧ್ಯದಲ್ಲೇ ತಡೆಯಬಹುದು. ನಾನು ವೆಬ್‌ಸೈಟಿಗೆ ಹಾಕಿದ 10,000 ಮತ್ತು 18,500 ಆಗಲೇ ಎಲ್ಲೋ ಹೋಗಿಬಿಟ್ಟಿತ್ತು. ಹಿಂದಿನ ರಾತ್ರಿ ಹಾಕಿದ 36,000ದಲ್ಲಿ 22,000 ಮಾತ್ರ ಒಂದು ಖಾತೆಯಲ್ಲಿ ಸಿಕ್ಕಿತು, ಅದನ್ನು ತಡೆಹಿಡಿದರು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆ. ಚಾಟ್ ಅಳಿಸಬೇಡಿ ಅಂತ ಅವರು ಮೊದಲೇ ಹೇಳಿದರು. ಸಿಟ್ಟಿಗೆ ನಾನು ಅರ್ಧ ಅಳಿಸಿಬಿಟ್ಟಿದ್ದೆ. ನೀವು ಹಾಗೆ ಮಾಡಬೇಡಿ. ತಡೆಹಿಡಿದ ಹಣಕ್ಕಾಗಿ ಕೋರ್ಟಿನಲ್ಲಿ ಅರ್ಜಿ ಹಾಕಿದ್ದೇನೆ, ಇನ್ನೂ ಕೈಗೆ ಬಂದಿಲ್ಲ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಮುಂದಿನದು ತುಂಬಾ ಜನರಿಗೆ ಗೊತ್ತಿಲ್ಲ. ಒಂದೂವರೆ ತಿಂಗಳ ನಂತರ ನನ್ನ ಖಾತೆಯಿಂದಲೇ ಹಣ ತೆಗೆಯಲು ಆಗಲಿಲ್ಲ. ಬ್ಯಾಂಕಿಗೆ ಹೋದೆ. ನನಗೆ ಎರಡನೇ ದಿನ ಬಂದಿತ್ತಲ್ಲ 3,900, ಅದು ಬೇರೆ ರಾಜ್ಯದಲ್ಲಿ ಮೋಸ ಹೋದ ಇನ್ನೊಬ್ಬರ ದುಡ್ಡು. ಅವರು ದೂರು ಕೊಟ್ಟಿದ್ದರು, ಆ ಜಾಡು ಹಿಡಿದು ನನ್ನ ಖಾತೆಗೂ ತಡೆ ಬಿದ್ದಿತ್ತು. ನಾನೂ ಮೋಸ ಹೋದವಳೇ ಅಂತ ದೂರಿನ ಪ್ರತಿ ಕೊಟ್ಟು, ಪತ್ರ ಬರೆದು, ಓಡಾಡಿ ತೆರವು ಮಾಡಿಸಿಕೊಳ್ಳಬೇಕಾಯಿತು. 'ಸಣ್ಣ ದುಡ್ಡು ತಗೊಂಡು ಅಲ್ಲಿಗೇ ಬಿಟ್ಟುಬಿಡ್ತೀನಿ' ಅಂತ ಲೆಕ್ಕ ಹಾಕುವವರು ಇದನ್ನು ನೆನಪಿಡಿ. ಆ ಸಣ್ಣ ದುಡ್ಡು ಯಾರದ್ದೋ ಕಣ್ಣೀರಿನ ದುಡ್ಡು.

ಗುರುತುಗಳು ಮೊದಲಿನಿಂದಲೂ ಕಣ್ಣೆದುರೇ ಇದ್ದವು. ಪ್ರತಿ ಸಲ ಹಣ ಹಾಕಲು ಬೇರೆ ಬೇರೆ ಜನರ ಹೆಸರಿನ ಯುಪಿಐ ಕೊಡುತ್ತಿದ್ದರು. ಕಂಪನಿ ಅಂದಮೇಲೆ ಒಂದು ಖಾತೆ ಇರಬೇಡವೇ? ಅವರ ಕನ್ನಡವೂ ಹಾಗೇ ಇತ್ತು. 'ಆತ್ಮೀಯ ಮೇಡಂ, ದಯವಿಟ್ಟು ನಿಮ್ಮ ಕಾರ್ಯವನ್ನು ನಿರ್ವಹಿಸಿ' ಅಂತೆಲ್ಲ ಯಾರು ಮಾತಾಡುತ್ತಾರೆ? ಫೋನಿನಲ್ಲಿ ಒಮ್ಮೆಯೂ ಮಾತಿಗೆ ಸಿಗಲಿಲ್ಲ. ಎಲ್ಲಕ್ಕಿಂತ ಮುಖ್ಯ, ಕೆಲಸ ಕೊಡುವವರು ನಮ್ಮಿಂದ ದುಡ್ಡು ಕೇಳುವುದಿಲ್ಲ. ಕೇಳಿದರೆ ಅದು ಕೆಲಸವೇ ಅಲ್ಲ.

ವಾಟ್ಸಾಪ್, ಟೆಲಿಗ್ರಾಮ್ ಎರಡರಲ್ಲೂ ಪ್ರೈವೆಸಿ ಸೆಟ್ಟಿಂಗ್‌ಗೆ ಹೋಗಿ, ಗೊತ್ತಿರುವವರು ಮಾತ್ರ ಗುಂಪಿಗೆ ಸೇರಿಸುವ ಹಾಗೆ ಇವತ್ತೇ ಮಾಡಿಕೊಳ್ಳಿ. ದುಡ್ಡು ಹೋಗದಿದ್ದರೂ ಇಂಥ ಮೆಸೇಜ್ ಬಂದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನ 'ಚಕ್ಷು' ವಿಭಾಗದಲ್ಲಿ ತಿಳಿಸಬಹುದು. ಹೋದ ಹಣ ತಂದುಕೊಡುತ್ತೇವೆ, ಫೀಸ್ ಕೊಡಿ ಅಂತ ಆಮೇಲೆ ನನಗೆ ಇಬ್ಬರು ಮೆಸೇಜ್ ಮಾಡಿದರು. ಅವರೂ ಮೋಸಗಾರರೇ. ಉತ್ತರ ಕೊಡಲಿಲ್ಲ.

ಎರಡು ತಿಂಗಳು ಭಾನುವಾರದ ಗುಂಪಿನಲ್ಲಿ ನಾನು ಏನೂ ಬರೆದಿರಲಿಲ್ಲ. ಹೇಳಿಕೊಳ್ಳಲು ಅಷ್ಟು ನಾಚಿಕೆ. ಕೊನೆಗೊಂದು ಭಾನುವಾರ ಎಲ್ಲವನ್ನೂ ಬರೆದು ಹಾಕಿದೆ. ಐದು ನಿಮಿಷಕ್ಕೆ ಚಿಕ್ಕಮ್ಮ ಫೋನ್ ಮಾಡಿದರು. ಧ್ವನಿ ನಡುಗುತ್ತಿತ್ತು. 'ಪುಟ್ಟಿ, ನಂಗೂ ಮೊನ್ನೆ ಅದೇ ಮೆಸೇಜ್ ಬಂತು ಕಣೇ. ಮೂರು ಸಿನಿಮಾಗೆ ಸ್ಟಾರ್ ಕೊಟ್ಟೆ, 150 ಬಂತು. ನಾಳೆ ಬೆಳಿಗ್ಗೆ ಸಾವಿರ ಹಾಕೋಳಿದ್ದೆ' ಅಂದರು. ಚಾಟಿನ ಸ್ಕ್ರೀನ್‌ಶಾಟ್‌ಗಳನ್ನೆಲ್ಲ ತೆಗೆದಿಟ್ಟುಕೊಂಡು ಆ ರಾತ್ರಿಯೇ ನಂಬರ್ ಬ್ಲಾಕ್ ಮಾಡಿದರು. ಸೋಮವಾರ ಇಬ್ಬರೂ ಅವರ ಬ್ಯಾಂಕಿಗೆ ಹೋಗಿ, ಆ 150 ರೂಪಾಯಿ ಹೇಗೆ ಬಂತು ಅಂತ ಬರೆದುಕೊಟ್ಟು ಬಂದೆವು.