ಪ್ರಾಜೆಕ್ಟ್ ಬ್ಯಾಚ್ ಮಾಡೋದು, ಮಾರ್ಕ್ಸ್ ಕೊಡೋದು: ಮಾಡಿ ನೋಡಿದ ಕೆಲವು ದಾರಿಗಳ ಹೋಲಿಕೆ

ಇಂಜಿನಿಯರಿಂಗ್ ಕಾಲೇಜಿನಲ್ಲಿ ಮಿನಿ ಪ್ರಾಜೆಕ್ಟ್ ನೋಡಿಕೊಳ್ಳುವವರಿಗೆ ಸೆಮಿಸ್ಟರಿನ ಮೊದಲ ವಾರವೇ ಒಂದು ಪ್ರಶ್ನೆ ಎದುರಾಗುತ್ತದೆ. ಬ್ಯಾಚ್ ನಾವು ಮಾಡಬೇಕಾ, ವಿದ್ಯಾರ್ಥಿಗಳಿಗೇ ಬಿಡಬೇಕಾ? ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮದಂತೆ ಒಂದು ಬ್ಯಾಚಿಗೆ ಹೆಚ್ಚೆಂದರೆ ನಾಲ್ವರು. ಆ ನಾಲ್ವರು ಯಾರು ಅನ್ನೋದು ನಮ್ಮ ಕೈಯಲ್ಲಿದೆ. ಕಂಪ್ಯೂಟರ್ ಸೈನ್ಸ್ ತರಗತಿಗಳಲ್ಲಿ ನಾನು ಒಂದೊಂದು ವರ್ಷ ಒಂದೊಂದು ರೀತಿ ಮಾಡಿ ನೋಡಿದೆ. ಅಳೆದದ್ದು ಮಾತ್ರ ಒಂದೇ ಪ್ರಶ್ನೆಯಿಂದ: ಕೊನೆಗೆ ನಾಲ್ವರೂ ಕೆಲಸ ಕಲಿತರಾ? ಡೆಮೊ ಚೆನ್ನಾಗಿ ಬಂತಾ ಅನ್ನೋದು ಆಮೇಲಿನ ಮಾತು.

ಎಲ್ಲಕ್ಕಿಂತ ಸುಲಭವಾದದ್ದು ಯುಎಸ್‌ಎನ್ ಕ್ರಮ, ಅಂದರೆ ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ನಂಬರಿನ ಕ್ರಮ. ಒಂದರಿಂದ ನಾಲ್ಕು ಒಂದು ಬ್ಯಾಚ್, ಐದರಿಂದ ಎಂಟು ಇನ್ನೊಂದು. ಪಕ್ಷಪಾತ ಅಂತ ಯಾರೂ ಹೇಳುವ ಹಾಗಿಲ್ಲ. ಆದರೆ ಲ್ಯಾಬ್ ಬ್ಯಾಚೂ ಇದೇ ಕ್ರಮದಲ್ಲಿ ಇರುವುದರಿಂದ ಮೊದಲ ವರ್ಷದಿಂದ ಅದೇ ಮುಖಗಳು ಒಟ್ಟಿಗೆ ಇರುತ್ತವೆ. ಇನ್ನೂ ದೊಡ್ಡ ತೊಂದರೆ ಡಿಪ್ಲೊಮಾ ಮುಗಿಸಿ ಬಂದವರದು. ಅವರು ಎರಡನೇ ವರ್ಷಕ್ಕೆ ಸೇರುತ್ತಾರೆ, ನಂಬರ್ 400ರಿಂದ ಶುರುವಾಗುತ್ತದೆ. ಹಾಗಾಗಿ ಪಟ್ಟಿಯ ಕೊನೆಯಲ್ಲಿ ಅವರವರೇ ಒಂದು ಬ್ಯಾಚ್ ಆಗಿಬಿಡುತ್ತಾರೆ. ಪಾಲಿಟೆಕ್ನಿಕ್‌ನಲ್ಲಿ ಪ್ರಾಜೆಕ್ಟ್ ಮಾಡಿ ಬಂದ ಈ ಮಕ್ಕಳಿಗೆ ಕೈಕೆಲಸ ಚೆನ್ನಾಗಿ ಗೊತ್ತು. ಪಿಯುಸಿಯಿಂದ ಬಂದವರಿಗೆ ಗಣಿತ ಗಟ್ಟಿ. ಇಬ್ಬರೂ ಒಬ್ಬರಿಂದೊಬ್ಬರು ಕಲಿಯಬಹುದು. ಯುಎಸ್‌ಎನ್ ಕ್ರಮ ಆ ಅವಕಾಶವನ್ನೇ ಕಿತ್ತುಕೊಳ್ಳುತ್ತದೆ.

ಅವರಿಗೇ ಬಿಟ್ಟಾಗ ಮೊದಲ ದಿನ ತರಗತಿಯಲ್ಲಿ ಖುಷಿಯೋ ಖುಷಿ. ಗೆಳೆಯರು ಗೆಳೆಯರ ಜೊತೆ. ಕೆಲಸ ಬೇಗ ಶುರುವಾಗುತ್ತದೆ, ಜಗಳ ಕಡಿಮೆ. ಆದರೆ ಎರಡು ದಿನ ಬಿಟ್ಟು ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬೊಬ್ಬರೇ ಬಂದು ನಿಲ್ಲುತ್ತಾರೆ. 'ಮೇಡಂ, ನನ್ನನ್ನ ಯಾರೂ ಸೇರಿಸ್ಕೊಳ್ತಿಲ್ಲ.' ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರುವವನು, ಬೇರೆ ರಾಜ್ಯದಿಂದ ಬಂದು ಭಾಷೆ ಬಾರದವಳು, ಸುಮ್ನೆ ಮಾತು ಕಡಿಮೆ ಇರುವವನು. ಹೀಗೆ ಉಳಿದವರನ್ನೆಲ್ಲ ಸೇರಿಸಿ ಒಂದು ಬ್ಯಾಚ್ ಮಾಡಬೇಕಾಗುತ್ತದೆ. ಅದು ಉಳಿದವರ ಬ್ಯಾಚ್ ಅಂತ ಇಡೀ ತರಗತಿಗೆ ಗೊತ್ತಿರುತ್ತದೆ. ಹತ್ತೊಂಬತ್ತು ವರ್ಷದ ಮಕ್ಕಳಿಗೆ ಆ ನೋವು ಕೊಡುವ ಹಕ್ಕು ನಮಗಿಲ್ಲ.

ಸಿಜಿಪಿಎ, ಅಂದರೆ ಇದುವರೆಗಿನ ಸೆಮಿಸ್ಟರುಗಳ ಸರಾಸರಿ ಗ್ರೇಡ್, ನೋಡಿ ಪ್ರತಿ ಬ್ಯಾಚಿಗೆ ಒಬ್ಬ ಟಾಪರ್ ಹಾಕುವುದು ಕಾಗದದ ಮೇಲೆ ನ್ಯಾಯವಾಗಿ ಕಾಣುತ್ತದೆ. ನಡೆಯುವುದೇ ಬೇರೆ. 'ನಾನೇ ಮಾಡ್ಬಿಡ್ತೀನಿ ಮೇಡಂ, ಅವ್ರಿಗೆ ಹೇಳಿಕೊಡೋ ಹೊತ್ತಿಗೆ ಕೆಲಸ ಮುಗಿದೇ ಹೋಗುತ್ತೆ' ಅಂತ ಟಾಪರ್ ಹೇಳುತ್ತಾನೆ. ಉಳಿದವರಿಗೆ ರಿಪೋರ್ಟ್, ಪಿಪಿಟಿ. ಆ ರಿಪೋರ್ಟ್ ಕೆಲಸ ಹೆಚ್ಚಾಗಿ ಹುಡುಗಿಯರ ಪಾಲಿಗೇ ಬೀಳುತ್ತದೆ. 'ನಿನ್ನ ಅಕ್ಷರ ಚೆನ್ನಾಗಿದೆ, ಇಂಗ್ಲಿಷ್ ಚೆನ್ನಾಗಿದೆ' ಅಂತ ಹೊಗಳಿಯೇ ಒಪ್ಪಿಸಿಬಿಡುತ್ತಾರೆ.

ನನಗೆ ಹಿಡಿಸಿದ್ದು ನಾಲ್ಕನೆಯದು: ಬಿಡುವಿನ ವೇಳೆ ನೋಡಿ ಬ್ಯಾಚ್ ಮಾಡುವುದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಬಂದ 'ಕ್ಯಾಟ್‌ಮಿ' ಅನ್ನೋ ಸಾಧನ ಈ ಕೆಲಸಕ್ಕೇ ಇದೆ. ವಿದ್ಯಾರ್ಥಿಗಳ ಬಿಡುವು, ಕೌಶಲ ಎಲ್ಲ ಕೇಳಿಕೊಂಡು ಅದು ತಂಡ ಕಟ್ಟುತ್ತದೆ. ನಾನು ಅದನ್ನು ಬಳಸಲಿಲ್ಲ, ಒಂದು ಗೂಗಲ್ ಫಾರ್ಮ್ ಸಾಕಾಯಿತು. ಹಾಸ್ಟೆಲಾ, ಡೇ ಸ್ಕಾಲರಾ? ಕೊನೆಯ ಬಸ್ ಎಷ್ಟಕ್ಕೆ? ಸ್ವಂತ ಲ್ಯಾಪ್‌ಟಾಪ್ ಇದೆಯಾ? ಇದುವರೆಗೆ ಮಾಡದ ಯಾವ ಕೆಲಸ ಕಲಿಯಬೇಕು? ಈ ಉತ್ತರಗಳನ್ನು ಇಟ್ಟುಕೊಂಡು ಕೂತರೆ ಒಂದು ಸಂಜೆಯ ಕೆಲಸ. ಸಂಜೆ ಐದಕ್ಕೆ ಊರಿನ ಬಸ್ ಹಿಡಿಯುವವಳನ್ನು ರಾತ್ರಿ ಹನ್ನೊಂದಕ್ಕೆ ಶುರು ಮಾಡುವ ಹಾಸ್ಟೆಲ್ ಹುಡುಗರ ಜೊತೆ ಹಾಕಿದರೆ ಅವಳು ಸೋಮಾರಿ ಅನ್ನಿಸಿಕೊಳ್ಳುತ್ತಾಳೆ. ಅವಳ ತಪ್ಪೇನೂ ಇಲ್ಲ, ಅಲ್ವಾ? ಇದರ ಜೊತೆ ಎರಡು ನಿಯಮ ಇಟ್ಟುಕೊಂಡಿದ್ದೇನೆ. ನಾಲ್ವರಲ್ಲಿ ಒಬ್ಬಳೇ ಹುಡುಗಿ ಬೇಡ. ಡಿಪ್ಲೊಮಾದವರು ಎಲ್ಲ ಬ್ಯಾಚುಗಳಲ್ಲೂ ಹಂಚಿಕೊಂಡಿರಬೇಕು. ಮೊದಲ ವಾರ ಗೊಣಗಾಟ ಇದ್ದೇ ಇರುತ್ತದೆ. ಮೊದಲ ರಿವ್ಯೂ ಹೊತ್ತಿಗೆ ಅದು ತಾನಾಗಿ ಕಡಿಮೆಯಾಗುತ್ತದೆ.

ಇನ್ನು ಮಾರ್ಕ್ಸ್. ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್ಮನ್ ಅನ್ನೋ ಕೃಷಿ ಇಂಜಿನಿಯರ್ ಜನರ ಕೈಲಿ ಹಗ್ಗ ಎಳೆಸಿ ಅಳೆದಿದ್ದರು. ಜನ ಜಾಸ್ತಿಯಾದಂತೆ ಒಬ್ಬೊಬ್ಬರ ಪಾಲಿನ ಎಳೆತ ಕಡಿಮೆಯಾಗುತ್ತಿತ್ತು. ಅವರ ಬರಹ ಪ್ರಕಟವಾದದ್ದು 1913ರಲ್ಲಿ. ನಾಲ್ವರಿಗೂ ಒಂದೇ ಮಾರ್ಕ್ಸ್ ಕೊಟ್ಟರೆ ಪ್ರಾಜೆಕ್ಟಿನಲ್ಲೂ ಅದೇ ಕಾಣುತ್ತದೆ. ಹಾಗಾಗಿ ಆ ಪದ್ಧತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ.

'ನೂರು ಅಂಕ ನಿಮ್ಮೊಳಗೇ ಹಂಚಿಕೊಳ್ಳಿ' ಅಂದರೆ ಅಷ್ಟೇನೂ ಪ್ರಯೋಜನ ಇಲ್ಲ. ಹಿಂದಿನ ರಾತ್ರಿಯೇ ವಾಟ್ಸ್‌ಆ್ಯಪ್‌ನಲ್ಲಿ ತೀರ್ಮಾನವಾಗಿ ಎಲ್ಲರೂ 25, 25, 25, 25 ಬರೆದು ಕೊಡುತ್ತಾರೆ. ಒಂದೇ ಹಾಸ್ಟೆಲ್ ರೂಮಿನಲ್ಲಿ ಮಲಗುವವರು ಇನ್ನೇನು ಬರೆಯಲು ಸಾಧ್ಯ?

ಅಂಕದ ಬದಲು ಮಾತಿನಲ್ಲಿ ಕೇಳಿದಾಗ ಚಿತ್ರ ಬದಲಾಯಿತು. 'ಹೇಳಿದ್ದಕ್ಕಿಂತ ಹೆಚ್ಚು ಮಾಡಿದ', 'ಹೇಳಿದ್ದನ್ನು ಮಾಡಿದ', 'ನೆನಪಿಸಿದರೆ ಮಾಡಿದ', 'ಕೈಗೇ ಸಿಗಲಿಲ್ಲ' ಹೀಗೆ ಆಯ್ಕೆಗಳು. ಜೊತೆಗೆ ಒಂದು ಸಾಲಿನ ಕಾರಣ. ಅವರು ಬರೆದದ್ದು ನನಗೆ ಮಾತ್ರ ಗೊತ್ತು. ಕಾರಣವನ್ನು ಕನ್ನಡದಲ್ಲೂ ಬರೆಯಬಹುದು ಅಂದೆ. ಇಂಗ್ಲಿಷಿನಲ್ಲಿ ಬರೆದವರೆಲ್ಲ 'ಗುಡ್, ಕೋಆಪರೇಟಿವ್' ಅಂತ ಮುಗಿಸುತ್ತಿದ್ದರು. ಕನ್ನಡದಲ್ಲಿ ಬಂದದ್ದು ಬೇರೆಯೇ: 'ಡೇಟಾಬೇಸ್ ಕನೆಕ್ಟ್ ಆಗದಿದ್ದಾಗ ಎಷ್ಟು ಹೊತ್ತಿಗೆ ಮಾಡಿದರೂ ಫೋನ್ ಎತ್ತುತ್ತಿದ್ದ.' ಇಂಥ ಸಾಲು ಓದಿದಾಗ ಯಾರು ತಂಡವನ್ನು ಹೊತ್ತರು ಅಂತ ಸ್ಪಷ್ಟವಾಗಿ ಕಾಣುತ್ತದೆ.

ಆ ಮಾತುಗಳಿಗೆ ಅಂಕ ಕೊಟ್ಟು, ಒಬ್ಬರ ಸರಾಸರಿಯನ್ನು ತಂಡದ ಸರಾಸರಿಯಿಂದ ಭಾಗಿಸಿ, ತಂಡದ ಮಾರ್ಕ್ಸಿಗೆ ಗುಣಿಸುತ್ತೇನೆ. ತಂಡಕ್ಕೆ 80 ಬಂದಿದೆ, ತಂಡದ ಸರಾಸರಿ 80, ಒಬ್ಬನದು 70 ಅಂದರೆ ಅವನಿಗೆ 70. ಭಾಗಿಸಿ ಬಂದ ಸಂಖ್ಯೆಗೆ ಮೇಲಕ್ಕೆ ಮಾತ್ರ 1.05ರ ಮಿತಿ ಇದೆ. ಇಲ್ಲದಿದ್ದರೆ ಎಲ್ಲವನ್ನೂ ತಾನೇ ಎಳೆದುಕೊಂಡವನಿಗೆ ಬಹುಮಾನ ಕೊಟ್ಟ ಹಾಗಾಗುತ್ತದೆ.

ಗಿಟ್ ಅನ್ನೋದು ಕೋಡಿನ ಬದಲಾವಣೆಗಳನ್ನು ಹೆಸರಿನ ಸಮೇತ ದಾಖಲಿಸುವ ಸಾಧನ. ಅದರಲ್ಲಿರುವ ಆ ದಾಖಲೆಗಳನ್ನು, ಅಂದರೆ ಕಮಿಟ್‌ಗಳನ್ನು, ಎಣಿಸುವುದನ್ನೂ ನೋಡಿದೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಇಬ್ಬರು ಕೆಲಸ ಮಾಡಿದರೆ ಒಬ್ಬರ ಹೆಸರು ಮಾತ್ರ ದಾಖಲಾಗುತ್ತದೆ. ಲ್ಯಾಪ್‌ಟಾಪ್ ಇಲ್ಲದ ಮಕ್ಕಳಿಗೆ ಇದು ಅನ್ಯಾಯ.

ಇವೆಲ್ಲಕ್ಕಿಂತ ನಾನು ಜಾಸ್ತಿ ನಂಬುವುದು ವೈವಾವನ್ನು, ಅಂದರೆ ಮೌಖಿಕ ಪರೀಕ್ಷೆಯನ್ನು. ಒಬ್ಬರು ಬರೆದ ಭಾಗದ ಪ್ರಶ್ನೆ ಇನ್ನೊಬ್ಬರಿಗೆ. ಲಾಗಿನ್ ಪುಟ ಮಾಡಿದವಳಿಗೆ ಡೇಟಾಬೇಸ್ ಪ್ರಶ್ನೆ, ಡೇಟಾಬೇಸ್ ಮಾಡಿದವನಿಗೆ ಲಾಗಿನ್ ಪ್ರಶ್ನೆ. ಇದನ್ನು ಮೊದಲ ದಿನವೇ ಹೇಳಿಬಿಟ್ಟರೆ ಟಾಪರ್ ತಾನಾಗಿಯೇ ಹೇಳಿಕೊಡಲು ಕೂರುತ್ತಾನೆ. ಹೇಳಿಕೊಡದಿದ್ದರೆ ತಂಡದ ಮಾರ್ಕ್ಸ್ ಹೋಗುತ್ತದೆ. ಸಮಯ ಮಾತ್ರ ವಿಪರೀತ ಹಿಡಿಯುತ್ತದೆ. ಅರವತ್ತು ಜನರ ಸೆಕ್ಷನ್ ಇದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಮಾತೇ ಇಲ್ಲ. ಬೇರೆ ಏನನ್ನಾದರೂ ಬಿಟ್ಟೇನು, ಇದನ್ನು ಬಿಡುವುದಿಲ್ಲ.

ಕೊನೆಯ ವರ್ಷದ ಮುಖ್ಯ ಪ್ರಾಜೆಕ್ಟಿಗೆ ಮಾತ್ರ ಸ್ವಲ್ಪ ಸಡಿಲ ಮಾಡುತ್ತೇನೆ. ಅದು ತಿಂಗಳುಗಟ್ಟಲೆ ನಡೆಯುವ ಕೆಲಸ, ಪ್ಲೇಸ್‌ಮೆಂಟ್ ಒತ್ತಡವೂ ಜೊತೆಗಿರುತ್ತದೆ. ನಂಬುವ ಒಬ್ಬರಾದರೂ ಪಕ್ಕದಲ್ಲಿ ಬೇಕು. ಅದಕ್ಕೆ ಜೋಡಿಯನ್ನು ಅವರೇ ಆರಿಸಿಕೊಳ್ಳುತ್ತಾರೆ, ಎರಡು ಜೋಡಿಗಳನ್ನು ನಾನು ಸೇರಿಸುತ್ತೇನೆ.